ಕರೆದರೆ ಬರುವುದು

ರಜಾಕನ ಕೋಳಿ ಅಂಗಡಿಯ ಹಿಂಬದಿಯ ಓಣಿಯಲ್ಲಿ ಓಮ್ನಿ ನಿಲ್ಲಿಸಿದೊಡನೆ ಬಕ್ಕೇಶ್ ಕನ್ನಡಿಯಲ್ಲಿ ಹಣೆ ನೋಡಿಕೊಂಡ. ಬೆಳಗಿನ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ಉಳಿದದ್ದನ್ನು ಕರವಸ್ತ್ರದಿಂದ ಒರೆಸಿ, ಕೊರಳ ಲಿಂಗವನ್ನು ಬನಿಯನ್ನಿನೊಳಕ್ಕೆ ತಳ್ಳಿ, ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡ. ಇಷ್ಟು ಮಾಡಿದ ಮೇಲೆ ತಾನು ದಾವಣಗೆರೆಯ ಮಂಡಿಪೇಟೆಯ ಬೆಲ್ಲದ ಅಂಗಡಿಯ ಮನೆತನದವನಲ್ಲ, ನಾಗರಾಜಪ್ಪನವರ ತಮ್ಮನಲ್ಲ, ಕೋಳಿಯ ಕರುಳು, ಕಾಲು, ತಲೆ ಒಯ್ಯಲು ಬಂದ ಯಾರೋ ಒಬ್ಬ ಎಂದು ಅಂದುಕೊಳ್ಳುವುದು ಅವನಿಗೆ ರೂಢಿಯಾಗಿತ್ತು. ಆದರೂ ಕೆಳಗಿಳಿಯುವಾಗ ಎಂದಿನಂತೆ ಓಣಿಯ ಎರಡೂ ತುದಿ ನೋಡಿದ. ಮೊದಮೊದಲು ರಜಾಕನಿಗೆ ನಾಯಿಗಳಿಗೆಂದು ಹೇಳಿದ್ದ. ರಜಾಕ ಎಷ್ಟು ನಾಯಿ ಎಂದು ಒಮ್ಮೆಯೂ ಕೇಳಿರಲಿಲ್ಲ. ಈಗ ಎಲ್ಲ ತಿಳಿದುಹೋಗಿತ್ತು. ಮುಚ್ಚಳ ಬಿಗಿದ ಡ್ರಮ್ಮನ್ನು ಗಾಡಿಗೆ ಏರಿಸುತ್ತಾ ರಜಾಕ, "ಇವತ್ತು ಭಾನುವಾರ, ಮಾಲು ಜಾಸ್ತಿ ಐತ್ರಿ. ನಿಮ್ಮ ಸಾವ್ಕಾರಗೆ ಹಬ್ಬ" ಎಂದು ನಕ್ಕ. ಮೊಸಳೆಗೆ ಆ ಹೆಸರಿಟ್ಟವನು ಅವನೇ. ಬಕ್ಕೇಶನೂ ನಗುವ ಹಾಗೆ ತುಟಿ ಮಾಡಿದ. "ಮೊನ್ನೆ ಮೊಬೈಲ್‌ನಾಗ ನೋಡಿದೆ. ಏನ್ ಹತ್ರ ಬರ್ತೈತ್ರೀ ಅದು! ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಹಾಕೋ ದಿನ ಸರಿ. ಹಾಕದ ದಿನ ಅದು ಏನ್ ತಿಂತೈತೆ?" "ಹೊಳ್ಯಾಗ ಮೀನಿಲ್ಲೇನು?" ಎಂದ ಬಕ್ಕೇಶ್. "ಅದಾವ್ರಿ, ಅದಾವು" ಎಂದು ರಜಾಕ ಕೈ ತೊಳೆಯಲು ಒಳಗೆ ಹೋದ. ಆ ಉತ್ತರ ತನಗೇ ಸಾಲದೆಂಬುದು ಬಕ್ಕೇಶನಿಗೆ ಗಾಡಿ ಹಳೇ ಪಿ.ಬಿ. ರಸ್ತೆಗೆ ಬರುವ ಹೊತ್ತಿಗೆ ತಿಳಿಯಿತು. ಕಿಟಕಿ ಪೂರ್ತಿ ಇಳಿಸಿದರೂ ವಾಸನೆ ಹೋಗಲಿಲ್ಲ.

ಬೆಳಿಗ್ಗೆ ದುರುಗಮ್ಮ ಹೇಳಿದ ಮಾತು ಅದೇ ವಾಸನೆಯ ಹಾಗೆ ಗಾಡಿಯೊಳಗೇ ಉಳಿದಿತ್ತು. ಹೊಳೆದಂಡೆಯಲ್ಲಿ ಜನ ವಿಹಾರಕ್ಕೆ ಬರುವ ಅವನ ತೋಟದ ಜಮಖಾನ, ಪರದೆ, ದಿಂಬಿನ ಚೀಲ ಒಗೆದು ಕೊಡುವವಳು ಅವಳು. ತೋಟ ಶುರುವಾದಾಗಿನಿಂದ ಬರುತ್ತಿದ್ದಾಳೆ. ಇವತ್ತು ಮಣ್ಣಾದ ಜಮಖಾನಗಳ ಮುಂದೆ ನಿಂತು, ಅವುಗಳನ್ನು ಮುಟ್ಟದೆ, "ನಾ ಇನ್ನ ಕೆಳಗಿನ ಒಗಿಯೋ ಕಲ್ಲಿಗೆ ಹೋಗಲ್ರೀ ಅಣ್ಣಾರ" ಎಂದಿದ್ದಳು. "ಯಾಕ?" "ಅದು ನಮ್ಮನ್ನ ನೋಡ್ತೈತೆ." ಅವನು ನಕ್ಕುಬಿಟ್ಟಿದ್ದ. "ಹೊಳ್ಯಾಗ ಇದ್ದ ಮೇಲೆ ನೋಡ್ತೈತಪ್ಪ. ನೀ ಹುಟ್ಟಿದಾಗಿಂದ ಇಲ್ಲೇನು ಮೊಸಳೆ?" "ಇದ್ವು. ನಾವು ಕಾಲಿಟ್ರೆ ಅವು ಹೋಗ್ತಿದ್ವು. ಈಗ ನಾವು ಕಾಲಿಟ್ರೆ ಬರ್ತಾವ." ಅವಳ ದನಿಯಲ್ಲಿ ದೂರಿರಲಿಲ್ಲ. ಬೇಕಾದರೆ ಓಣಿಯ ಬೋರಿನ ನಲ್ಲಿಯಲ್ಲಿ ಒಗೆಯುತ್ತೇನೆ ಎಂದಳು. ನಾಳೆ ಲಗ್ನದ ಮಾತುಕತೆಗೆಂದು ದೊಡ್ಡ ಗುಂಪೊಂದು ತೋಟಕ್ಕೆ ಬರುವುದಿತ್ತು, ಹೊಳೆದಂಡೆಯ ಹುಲ್ಲಿನ ಮೇಲೆ ಜಮಖಾನ ಹಾಸಬೇಕಿತ್ತು. ನಲ್ಲಿಯ ಸಣ್ಣ ನೀರಿಗೆ ಜಮಖಾನದ ಮಣ್ಣು ಬಿಡುವುದಿಲ್ಲವೆಂದು ಅವನಿಗೂ ಗೊತ್ತು, ಅವಳಿಗೂ ಗೊತ್ತು. "ಇವತ್ತೊಂದಿನ ಹೋಗು. ಒಬ್ಬಾಕಿ ಬ್ಯಾಡ, ಸುಧಾನ ಕರ್ಕೊಂಡು ಹೋಗು" ಎಂದಿದ್ದ. ಸುಧಾ ಅವಳ ಸೊಸೆ. ಹೀಗೆ ಹೇಳಿದ್ದರಿಂದ ತಾನು ಎಚ್ಚರಿಕೆ ವಹಿಸಿದಂತಾಯಿತು ಎಂದು ಆಗ ಅನ್ನಿಸಿತ್ತು. ಈಗ, ಹರಿಹರದ ಕಡೆಯಿಂದ ಬರುವ ಲಾರಿಗಳಿಗೆ ದಾರಿ ಬಿಡುತ್ತಾ, ಒಬ್ಬಳನ್ನು ಕಳಿಸಬಾರದಾದ ಕಡೆಗೆ ಇಬ್ಬರನ್ನು ಕಳಿಸಿದೆ ಎಂದು ಅನ್ನಿಸಿತು. ಅನ್ನಿಸಿದ್ದನ್ನು ಅವನು ಮುಂದಕ್ಕೆ ಹೋಗಲು ಬಿಡಲಿಲ್ಲ. ಇವತ್ತು ಅಣ್ಣ ಬರುತ್ತಾನೆ. ತೋಟ ಶುರುವಾದ ಮೇಲೆ ಮೊದಲ ಸಲ ಬರುತ್ತಾನೆ.

ಅಂಗಡಿಯ ಗಾದಿಯ ಮೇಲೆ ಅಣ್ಣ ಇಲ್ಲದ ಹೊತ್ತಿನಲ್ಲಿ ಬಕ್ಕೇಶ್ ಕೂರುತ್ತಿದ್ದ ದಿನಗಳಿದ್ದವು. ಬೆಲ್ಲದ ಪೆಂಟೆಗಳ ನೆರಳು, ಒಣಮೆಣಸಿನಕಾಯಿಯ ಘಾಟು, ಹೊರಗೆ ಹಮಾಲರ ಕೂಗು. ಲೋಕಿಕೆರೆಯ ಕಡೆಯ ರೈತನೊಬ್ಬ ಹೊಸ್ತಿಲಲ್ಲಿ ನಿಂತು, ಗಾದಿಯ ಮೇಲೆ ಕೂತ ಅವನನ್ನೇ ದಿಟ್ಟಿಸಿ ನೋಡಿ, "ಅಂಗಡ್ಯಾಗ ಯಾರೂ ಇಲ್ಲೇನ್ರಿ?" ಎಂದು ಕೇಳಿದ್ದ. ಕುಹಕವಿರಲಿಲ್ಲ, ನಿಜವಾಗಿ ಕೇಳಿದ್ದ. ಬಕ್ಕೇಶ್, "ಇಲ್ಲ, ಈಗ ಬರ್ತಾರೆ, ಕೂಡ್ರಿ" ಎಂದಿದ್ದ. ಆ ಉತ್ತರ ಕೊಟ್ಟ ತನ್ನ ದನಿಯನ್ನು ಅವನು ಈಗಲೂ ಒಮ್ಮೊಮ್ಮೆ ಸ್ನಾನ ಮಾಡುವಾಗ ಕೇಳುತ್ತಿದ್ದ. ಹರಿಹರ ದಾಟಿ, ಉಕ್ಕಡಗಾತ್ರಿಯ ದಾರಿಯಲ್ಲಿ, ಯಾರಿಗೂ ಬೇಡವಾಗಿದ್ದ ಹೊಳೆದಂಡೆಯ ಹೊಲವೊಂದಿತ್ತು. ಅಪ್ಪ ತೀರಿಕೊಂಡ ಮೇಲೆ ಅದನ್ನು ಅವನ ಪಾಲಿಗೆ ಬಿಟ್ಟುಕೊಟ್ಟಾಗ ಅಣ್ಣ ಬೆನ್ನು ತಟ್ಟಿದ್ದ. ಬೆನ್ನು ತಟ್ಟಿದ ರೀತಿಯಲ್ಲೇ ಅದು ಎಂಥ ಹೊಲವೆಂದು ತಿಳಿದಿತ್ತು. ಅಲ್ಲಿ ಸೋಗೆ ಚಪ್ಪರ ಹಾಕಿಸಿದ, ಉಯ್ಯಾಲೆ ಕಟ್ಟಿಸಿದ, ಬೆಣ್ಣೆದೋಸೆಯ ಭಟ್ಟಿ ಇಟ್ಟ, ಒಂದು ತೆಪ್ಪ ತಂದ, ಹೊಳೆಗೆ ಕಲ್ಲಿನ ಮೆಟ್ಟಿಲು ಕಟ್ಟಿಸಿದ. ಜನ ಬರಲಿಲ್ಲ. ಉಕ್ಕಡಗಾತ್ರಿಯ ಗುಡಿಗೆ, ಅಜ್ಜಯ್ಯನ ದರ್ಶನಕ್ಕೆ ಹೋಗುವ ಗಾಡಿಗಳು ಧೂಳೆಬ್ಬಿಸಿ ಮುಂದೆ ಹೋಗುತ್ತಿದ್ದವು. ಹೀಗಿರುವಾಗ ಒಂದು ಸಂಜೆ, ಯಾರೋ ಪ್ರವಾಸಿಗಳು ತಾವು ತಂದ ಬಿರಿಯಾನಿಯ ಎಲುಬನ್ನು ಮೆಟ್ಟಿಲ ಮೇಲಿನಿಂದ ಎಸೆದಾಗ, ನೀರು ಸದ್ದಿಲ್ಲದೆ ಸೀಳಿತು, ಕೆಸರು ಬಣ್ಣದ ಬಾಯಿಯೊಂದು ಎದ್ದು ಮುಚ್ಚಿಕೊಂಡಿತು. ಚೀರಾಟ, ಅದರ ಬೆನ್ನಿಗೇ ಚಪ್ಪಾಳೆ. ಅಪ್ಪನ ಹೆಗಲ ಮೇಲೆ ಕೂತ ಹುಡುಗಿಯೊಂದು, ಮೊಸಳೆಯನ್ನಲ್ಲ, ಬಕ್ಕೇಶನನ್ನು ನೋಡಿ, "ಅಂಕಲ್, ಇನ್ನೊಂದ್ಸಲ ಮಾಡ್ರಿ!" ಎಂದಿತು. ಮಾಡಿದವನು ತಾನಲ್ಲವೆಂದು ಅವನು ಹೇಳಲಿಲ್ಲ. ಆಮೇಲೆ ಎಲ್ಲವೂ ಸಲೀಸಾಗಿ ನಡೆಯಿತು. ತೆಪ್ಪದ ಹುಟ್ಟನ್ನು ಒದ್ದೆ ಬಂಡೆಯ ಮೇಲೆ ಚಪ್ಪಟೆಯಾಗಿ ಬಡಿಯುವುದು, ಬಡಿದ ಮೇಲೆ ಹಾಕುವುದು. ಬಡಿದರೆ ತುತ್ತು ಸಿಗುತ್ತದೆಂದು ಅದಕ್ಕೆ ತಿಳಿಯಿತೋ, ಬಂದರೆ ಹಾಕಬೇಕೆಂದು ಅವನಿಗೆ ತಿಳಿಯಿತೋ. 'ಮೊಸಳೆಗಳಿವೆ, ನೀರಿಗೆ ಇಳಿಯಬೇಡಿ' ಎಂದು ಅರಣ್ಯದವರು ರಸ್ತೆಗೆ ಕಾಣುವಂತೆ ನೆಟ್ಟುಹೋದ ಫಲಕ ಓದಿಯೇ ಗಾಡಿಗಳು ನಿಲ್ಲತೊಡಗಿದವು. ಅವ್ವ ಇದ್ದಾಗ ಪ್ರತಿ ಸೋಮವಾರ ಇರುವೆ ಗೂಡಿಗೆ ಸಕ್ಕರೆ ಹಾಕುತ್ತಿದ್ದಳು. ಹಸಿದದ್ದಕ್ಕೆ ಹಾಕುವುದು ದಾಸೋಹವೇ ಅಲ್ಲವೇ ಎಂದು ಅವನು ತನಗೆ ಹೇಳಿಕೊಂಡಿದ್ದ. ಹೇಳಿಕೊಳ್ಳುವಾಗ ಅಂಗಿಯೊಳಗಿನ ಲಿಂಗ ಎದೆಗೆ ತಣ್ಣಗೆ ತಾಗುತ್ತಿತ್ತು.

ಮಧ್ಯಾಹ್ನ ಕಳೆದು ಅವನು ತೋಟ ತಲುಪಿದಾಗ ಗೇಟಿನಲ್ಲಿ ಪೂಜಾ ನಿಂತಿದ್ದಳು. ಅವನ ಹೆಂಡತಿ ಅವನನ್ನು ಗೇಟಿನಲ್ಲಿ ಕಾಯುವವಳಲ್ಲ. ಡ್ರಮ್ಮು ಇಳಿಸಿ, ಸ್ನಾನ ಮಾಡಿ, ಬಟ್ಟೆ ಬದಲಿಸುವವರೆಗೆ ಅವಳು ಹತ್ತಿರ ಬರುತ್ತಿರಲಿಲ್ಲ. ಇದರ ಬಗ್ಗೆ ಅವರ ನಡುವೆ ಎಂದೂ ಮಾತಾಗಿರಲಿಲ್ಲ. ಮಾತಾಗದೆ ಹೀಗೆ ಒಂದು ನಿಯಮ ಬೆಳೆದಿತ್ತು, ರಾತ್ರಿ ಮಂಚದ ಮೇಲೂ ಅದು ಅವರ ನಡುವೆ ಮಲಗುತ್ತಿತ್ತು. "ರೀ, ದುರುಗಮ್ಮಗ ಯಾಕ ಹೋಗು ಅಂದ್ರಿ?" ಎಂದಳು. "ಹೋದಳೇನು?" "ಈಗ ಹೋದ್ರು. ಆ ಕಲ್ಲಿಗೇ. ಅತ್ತಿ ಸೊಸಿ ಇಬ್ರೂ." "ಮತ್ತ ಜಮಖಾನ ಯಾರು ಒಗೀತಾರ?" "ಹೊಸಾವು ತರೋಣಂತ ಹೇಳಿದ್ನಲ್ರಿ." ಅವನಿಗೆ ಸಿಟ್ಟು ಬಂತು. ಸಿಟ್ಟಿಗೆ ಕಾರಣ ಅವಳಲ್ಲ ಎಂದು ಗೊತ್ತಿದ್ದುದರಿಂದ ಇನ್ನಷ್ಟು ಬಂತು. "ಇವತ್ತೊಂದಿನ ಸುಮ್ನಿರು ಮಾರಾಯ್ತಿ. ಅಣ್ಣ ಬರ್ತಾನ. ಮುಂದಿನ ವಾರದಿಂದ ಎಲ್ಲಾ ನಿಲ್ಲಿಸಿಬಿಡೋಣ." ನಿಲ್ಲಿಸುವ ಮಾತು ತನ್ನ ಬಾಯಿಂದ ಹೇಗೆ ಬಂತೆಂದು ಅವನಿಗೇ ಆಶ್ಚರ್ಯವಾಯಿತು. ಪೂಜಾ ಅವನ ಮುಖ ನೋಡಿದಳು. "ನಿಲ್ಲಿಸಿದ್ರೆ ಅದು ನಿಲ್ತೈತೇನ್ರಿ?" ಎಂದಳು. ರಜಾಕ ಕೇಳಿದ್ದೂ ಇದನ್ನೇ, ಇವತ್ತು ಎರಡನೆಯ ಸಲ ಅದೇ ಪ್ರಶ್ನೆ.

ಬಿಸಿಲು ಇಳಿಯುವ ಹೊತ್ತಿಗೆ ನಾಗರಾಜಪ್ಪ ಬಂದ. ಹೆಂಡತಿ ಉಮಾಮಹೇಶ್ವರಿ, ಜೊತೆಗೆ ಅವನ ವ್ಯಾಪಾರದ ಗೆಳೆಯ ಶಿವಯೋಗಪ್ಪ ಮತ್ತು ಅವರ ಮನೆಯವರು. ಅಣ್ಣ ಕಾರಿನಿಂದಿಳಿದು ಸೊಂಟದ ಮೇಲೆ ಕೈಯಿಟ್ಟು ತೋಟವನ್ನು, ಚಪ್ಪರವನ್ನು, ಹೊಳೆಯನ್ನು, ಆಮೇಲೆ ತಮ್ಮನನ್ನು ನೋಡಿದ. ಬೆಲ್ಲದ ಪೆಂಟೆಯನ್ನು ಒಡೆಯದೆ ಅದರ ಜಾತಿ ಹೇಳುವ ಕಣ್ಣು ಅದು. "ಪರವಾಗಿಲ್ಲಲೇ ಬಕ್ಕೇಶಿ" ಎಂದ. ಅಷ್ಟಕ್ಕೇ ಬಕ್ಕೇಶನ ಎದೆ ತುಂಬಿತು, ತುಂಬಿದ್ದಕ್ಕೆ ನಾಚಿಕೆಯಾಯಿತು. ಇನ್ನೂ ಇಷ್ಟಕ್ಕೇ ತುಂಬುತ್ತದಲ್ಲ. ದೋಸೆ ತಿಂದು ಎಲ್ಲರೂ ಮೆಟ್ಟಿಲಿಗೆ ಬಂದರು. ಭಾನುವಾರದ ಬೇರೆ ಗುಂಪುಗಳೂ ಇದ್ದವು. ಶಿವಯೋಗಪ್ಪನವರು, "ನಿಮ್ಮ ತಮ್ಮ ಕರೆದ್ರೆ ಬರ್ತೈತಂತಲ್ರೀ?" ಎಂದು ಅಣ್ಣನನ್ನು ಕೇಳಿದರು. ಅಣ್ಣ, "ನೋಡೋಣ ತಡೀರಿ" ಎಂದ. ಆ 'ನೋಡೋಣ' ಬಕ್ಕೇಶನಿಗೆ ಚೆನ್ನಾಗಿ ಪರಿಚಿತವಾದದ್ದು. ಅವನು ಬಕೆಟ್ಟು ತುಂಬಿಕೊಂಡು ಬಂಡೆಯ ಮೇಲೆ ಹೋಗಿ ನಿಂತ. ಹುಟ್ಟನ್ನೆತ್ತಿ ಬಡಿದ. ಚಪ್ಪಟೆಯಾದ, ಒದ್ದೆಯಾದ ಆ ಸದ್ದು ಎದುರು ದಡಕ್ಕೆ ಹೋಗಿ ಬಂತು. ಮೊಬೈಲುಗಳು ಎದ್ದವು. ನೀರು ಹಾಗೇ ಇತ್ತು. ಅವನು ಇನ್ನೊಮ್ಮೆ ಬಡಿದ, ಕಾದ, ಮತ್ತೆ ಬಡಿದ. ಹೀಗೆ ಎಂದೂ ಆಗಿರಲಿಲ್ಲ. ಬಂಡೆ ಹತ್ತುವ ಮೊದಲೇ ಅದು ಬಂದು ನಿಂತಿರುತ್ತಿತ್ತು. ಎತ್ತಿದ ಕೈಗಳು ಒಂದೊಂದಾಗಿ ಇಳಿದವು. ಒಬ್ಬ ಹೆಂಗಸು ಆಕಳಿಸಿದಳು. ಅಣ್ಣ ಶಿವಯೋಗಪ್ಪನವರ ಕಡೆ ತಿರುಗಿ, ದನಿ ತಗ್ಗಿಸದೆ, "ಮೊಸಳೆನೂ ಇವನ ಮಾತು ಕೇಳಲ್ಲ ಅಂತ ಆತು" ಎಂದ. ಎಲ್ಲರೂ ನಕ್ಕರು. ಅತ್ತಿಗೆ ಉಮಾಮಹೇಶ್ವರಿ ನಗಲಿಲ್ಲ, ಬೇರೆ ಕಡೆ ನೋಡಿದಳು. ಅದು ನಗುವಿಗಿಂತ ಹೆಚ್ಚು ನೋಯಿಸಿತು. ಬಕ್ಕೇಶ್ ಹೊಳೆಯ ಕಡೆಗೆ ತಿರುಗಿ ನಿಂತ. ಹುಟ್ಟನ್ನು ಎರಡೂ ಕೈಯಿಂದ ಎತ್ತಿ, ಸಿಟ್ಟಿನಿಂದಲೇ ಬಡಿದ.

ಬಡಿದು ನಿಲ್ಲಿಸಿದ ಆ ಬಿಡುವಿನಲ್ಲಿ ಅದೇ ಸದ್ದು ಕೇಳಿತು. ಮಾರ್ದನಿ ಇರಬೇಕೆಂದುಕೊಂಡ. ಆದರೆ ಅವನು ಬಡಿಯದೆ ನಿಂತಾಗಲೂ ಅದು ಕೇಳಿತು. ಕೆಳಗಿನಿಂದ, ಜಾಲಿ ಮುಳ್ಳಿನ ತಿರುವಿನ ಆಚೆಯಿಂದ. ಚಪ್ಪಟೆಯಾದ, ಒದ್ದೆಯಾದ ಸದ್ದು. ನೆನೆದು ಭಾರವಾದ ಜಮಖಾನವನ್ನು ಮಡಿಚಿ, ಎತ್ತಿ, ಕಲ್ಲಿಗೆ ಬಡಿಯುವ ಸದ್ದು. ತಾನು ಇಲ್ಲಿಯವರೆಗೆ ಈ ಎರಡು ಸದ್ದನ್ನೂ ದಿನವೂ ಕೇಳುತ್ತಿದ್ದೆ, ಒಂದರ ಪಕ್ಕ ಒಂದನ್ನು ಇಟ್ಟು ಎಂದೂ ಕೇಳಲಿಲ್ಲ ಎಂಬುದು ಅವನಿಗೆ ಒಮ್ಮೆಗೇ ಹೊಳೆಯಿತು. ಮೊಸಳೆ ಈಗ ಎಲ್ಲಿದೆ ಎಂದೂ ಹೊಳೆಯಿತು. ಕಾಲು ಏಳಲಿಲ್ಲ. ಮುಂದೆ ಎಷ್ಟೋ ದಿನ ಅವನು ಈ ಗಳಿಗೆಯನ್ನು ಬಿಡಿಸಿ ನೋಡಲು ಹೆಣಗಿದ. ಹೆದರಿಕೆಯಿಂದ ಕಾಲು ಏಳಲಿಲ್ಲವೆಂದು ಹೇಳಿಕೊಳ್ಳಬಹುದಿತ್ತು. ಆದರೆ ಅದು ಹೆದರಿಕೆಯಲ್ಲ. ಈಗ ಬಂಡೆಯಿಂದಿಳಿದು ಓಡಿದರೆ, ಅಲ್ಲಿ ಏನೂ ಆಗಿರದಿದ್ದರೆ, ಅಣ್ಣ ಏನೆನ್ನುತ್ತಾನೆ ಎಂದು ಅವನು ಯೋಚಿಸುತ್ತಿದ್ದ. ಸೋತು ಓಡಿಹೋದ ಎನ್ನುತ್ತಾನೆ. ಇನ್ನೊಂದು ಸಲ ಬಡಿದರೆ ಇಲ್ಲಿಗೇ ಬಂದೀತು ಎಂದೂ ಯೋಚಿಸುತ್ತಿದ್ದ. ಅದು ದುರುಗಮ್ಮನಿಗಾಗಿ ಯೋಚಿಸಿದ್ದೋ, ಶಿವಯೋಗಪ್ಪನವರಿಗಾಗಿಯೋ? ಅವನು ಹುಟ್ಟನ್ನು ಮತ್ತೆ ಎತ್ತಿದ್ದ. ಆಗ ಕೆಳಗಿನ ಸದ್ದು ನಿಂತಿತು. ಆಮೇಲೆ ಸುಧಾ ಕಿರುಚಿದಳು.

ಹುಟ್ಟು ಬಿಟ್ಟು ಬಕೆಟ್ಟು ಎತ್ತಿಕೊಂಡದ್ದು ಓಡುವಾಗ ಅವನಿಗೆ ತಿಳಿಯಲಿಲ್ಲ. ತಿರುವು ದಾಟಿದಾಗ ದುರುಗಮ್ಮ ಸೊಂಟದವರೆಗೆ ನೀರಿನಲ್ಲಿದ್ದಳು, ಸುಧಾ ಅವಳ ಸೀರೆಯ ಸೆರಗನ್ನೂ ಸೊಂಟವನ್ನೂ ಹಿಡಿದು ಕಲ್ಲಿಗೆ ಕಾಲು ಕೊಟ್ಟು ಎಳೆಯುತ್ತಿದ್ದಳು. ಜಮಖಾನ ಮೊಸಳೆಯ ಬಾಯಿಗೆ ಸಿಕ್ಕಿತ್ತು, ಜಮಖಾನದ ಮಡಿಕೆಯೊಳಗೆ ದುರುಗಮ್ಮನ ಎಡಗೈ ಸಿಕ್ಕಿತ್ತು. ಅವಳು ಕೂಗುತ್ತಿರಲಿಲ್ಲ. ಬಹಳ ಏಕಾಗ್ರಳಾಗಿ, ಭಾರ ಎತ್ತುವವಳಂತೆ, ಹಲ್ಲು ಕಚ್ಚಿದ್ದಳು. ಬಕ್ಕೇಶ್ ಬಕೆಟ್ಟನ್ನು ಇಡಿಯಾಗಿ ನೀರಿಗೆ ಎಸೆದ. ಕರುಳು, ರೆಕ್ಕೆ, ಕಾಲುಗಳು ಅವಳ ಸುತ್ತ ತೇಲಿದವು. ಮೊಸಳೆ ಬಾಯಿ ಸಡಿಲಿಸಿ, ಆತುರವಿಲ್ಲದೆ, ಆ ಕಡೆ ತಿರುಗಿತು. ಅವನು ಸುಧಾಳ ಜೊತೆ ಸೇರಿ ದುರುಗಮ್ಮನನ್ನು ಮೇಲಕ್ಕೆಳೆದ. ಅವಳ ಕೈಯ ಮೇಲೆ ಅವನು ತನ್ನ ಅಂಗಿ ಬಿಚ್ಚಿ ಸುತ್ತುವಾಗ ಹಿಂದೆ ಜನ ಬಂದು ನಿಂತಿದ್ದರು. ಅವರಲ್ಲಿ ಕೆಲವರು ಇನ್ನೂ ಮೊಬೈಲು ಇಳಿಸಿರಲಿಲ್ಲ.

ದಾವಣಗೆರೆಯ ಆಸ್ಪತ್ರೆಯಲ್ಲಿ ಅವಳ ಎಡಗೈಯನ್ನು ಮೊಣಕೈಯಿಂದ ಕೆಳಗೆ ತೆಗೆದರು. ಜೀವಕ್ಕೆ ಭಯವಿಲ್ಲ ಎಂದರು. ದುರುಗಮ್ಮನ ಮಗ ಅಂಜನಕುಮಾರ ಹರಿಹರದಲ್ಲಿ ಆಟೋ ಓಡಿಸುವವನು. ಸುದ್ದಿ ಕೇಳಿ ಆಟೋದಲ್ಲೇ ಬಂದಿದ್ದ. ಪಡಸಾಲೆಯ ಬೆಂಚಿನಿಂದೆದ್ದು ಬಕ್ಕೇಶನ ಎರಡೂ ಕೈ ಹಿಡಿದುಕೊಂಡ. "ನೀವು ಇಲ್ದಿದ್ರೆ ನಮ್ಮವ್ವ ಉಳೀತಿರ್ಲಿಲ್ಲ ಅಣ್ಣಾ. ಸುಧಾ ಎಲ್ಲಾ ಹೇಳಿದ್ಲು. ಜೀವದ ಹಂಗಿಲ್ದೆ ನೀರಿಗಿಳಿದ್ರಂತೆ." ಅವನ ಅಂಗೈ ಒರಟಾಗಿತ್ತು, ಬೆಚ್ಚಗಿತ್ತು. ಬಕ್ಕೇಶ್ ತನ್ನ ಕೈಗಳಿಗೆ ಇನ್ನೂ ಕೋಳಿಯ ವಾಸನೆ ಇರಬಹುದೆಂದು ಯೋಚಿಸಿದ. "ಹಂಗೇನಿಲ್ಲ" ಎಂದ. ಅವನು ಹೇಳಿದ್ದು ನಿಜವೇ ಆಗಿತ್ತು, ಆದರೆ ಅಂಜನಕುಮಾರನ ಕಣ್ಣಿನಲ್ಲಿ ಅದು ದೊಡ್ಡ ಮನುಷ್ಯನ ಮಾತಾಗಿ ತಿರುಗಿ ಬಂತು. ಮರುದಿನ ಎಚ್ಚರವಾದಾಗ ದುರುಗಮ್ಮ ಅವನನ್ನು ಬಹಳ ಹೊತ್ತು ನೋಡಿದಳು. ಬಾಯಿ ಒಣಗಿತ್ತು, ಸುಧಾ ಚಮಚೆಯಿಂದ ನೀರು ಹಾಕಿದಳು. "ನಾ ಬಟ್ಟಿ ಬಡಿದೆ, ಅದು ಬಂತು ಅಣ್ಣಾರ. ಸಿಟ್ಟಿನಿಂದ ಬರಲಿಲ್ಲ. ಉಣ್ಣಾಕ ಕರೆದ್ರೆ ಬಂದಂಗ ಬಂತು" ಎಂದಳು. ಅವಳಿಗೆ ಗೊತ್ತಿತ್ತೋ, ಔಷಧದ ಮಂಪರಿನಲ್ಲಿ ಕಂಡದ್ದನ್ನಷ್ಟೇ ಹೇಳಿದಳೋ? ಹಾಸಿಗೆಯ ಆಚೆ ಬದಿಯಲ್ಲಿದ್ದ ಪೂಜಾ ಅವಳ ಹೊದಿಕೆ ಸರಿಪಡಿಸಿದಳು. ಹೊರಗೆ ಬಂದಾಗ ಅಣ್ಣನ ಫೋನು ಬಂತು. ಬಕ್ಕೇಶ್ ಬಕೆಟ್ಟು ಎಸೆದ ವಿಡಿಯೋವನ್ನು ಮಂಡಿಪೇಟೆಯಲ್ಲಿ ಎಲ್ಲರೂ ನೋಡಿದರಂತೆ. ಗಾದಿಯ ಹತ್ತಿರ ಬಂದವರೆಲ್ಲ ನಿಮ್ಮ ತಮ್ಮನಾ ಎಂದು ಕೇಳುತ್ತಾರಂತೆ. "ಧೈರ್ಯ ಐತಲೇ ನಿನ್ನತ್ರ, ನಂಗ ಗೊತ್ತಿರ್ಲಿಲ್ಲ. ಮೆಟ್ಟಿಲಿಗೆ ಕಬ್ಬಿಣದ ಜಾಲರಿ ಹಾಕ್ಸು, ನಾ ನಿಂತು ಮಾಡಸ್ತೀನಿ. ಇನ್ಮೇಲೆ ಜನ ಬರೋದು ನೋಡು." ಜೀವಮಾನವಿಡೀ ಕೇಳಬೇಕೆಂದುಕೊಂಡಿದ್ದ ದನಿ ಅದು. ಬಕ್ಕೇಶ್ ಆಸ್ಪತ್ರೆಯ ಗೋಡೆಗೆ ಒರಗಿ ಅದನ್ನು ಕೊನೆಯವರೆಗೂ ಕೇಳಿದ, ಮಧ್ಯದಲ್ಲಿ ಕಡಿದುಹಾಕಲಿಲ್ಲ.

ಆ ವಾರ ಅರಣ್ಯದವರು ಬೋನು ತಂದರು. ರವಿಚಂದ್ರ ಎಂಬ ಅಧಿಕಾರಿ, ಇನ್ನೂ ಎಳೆಯ ಮುಖ, ಹೆಚ್ಚು ಮಾತಾಡದವನು. ಬೋನನ್ನು ಮೆಟ್ಟಿಲ ಪಕ್ಕದಲ್ಲಿ ಅರ್ಧ ನೀರಿಗೆ ಇಳಿಸಿ, ಹಗ್ಗ ಬಿಗಿದು, ಬಕ್ಕೇಶನನ್ನು ಕರೆದ. "ತಿನ್ನಾಕ ಹಾಕಿ ರೂಢಿ ಮಾಡಿದ್ದರ ಬಗ್ಗೆ ಆಮೇಲೆ ಆಫೀಸಿನಾಗ ಮಾತಾಡೋಣ. ಈಗ ಅದನ್ನ ಕರೀರಿ." ದಂಡೆಯ ಮೇಲೆ ಊರೇ ಸೇರಿತ್ತು. ಬಕ್ಕೇಶ್ ಬಂಡೆ ಹತ್ತಿ ಹುಟ್ಟು ಬಡಿದ. ಈ ಸಲ ಅದು ಕಾಯಿಸಲಿಲ್ಲ. ಹೊಳೆಯ ನಡುವಿನಿಂದ ನೆಟ್ಟಗೆ, ಮೂಗು ಮತ್ತು ಕಣ್ಣುಗಳ ಉಬ್ಬು ಮಾತ್ರ ಕಾಣುವಂತೆ, ತುಂಬು ನಂಬಿಕೆಯಿಂದ ಬಂತು. ಬೋನಿನ ಬಾಯಲ್ಲಿ ಒಂದು ಕ್ಷಣ ನಿಂತು ಅವನ ಕಡೆ ತಿರುಗಿದಂತೆ ಅವನಿಗೆ ಕಂಡಿತು. ಹೋಗು ಎಂದು ಕೂಗಬೇಕೆನ್ನಿಸಿತು. ಬಾಗಿಲು ಬಿತ್ತು. ಆಮೇಲೆ ನೀರು ಕುದಿದಂತೆ ಎದ್ದದ್ದು, ಕಬ್ಬಿಣಕ್ಕೆ ಬಾಲ ಅಪ್ಪಳಿಸಿದ್ದು, ಜನ ಕೇಕೆ ಹಾಕಿದ್ದು. ಬಾಯಿಗೆ ಹಗ್ಗ ಸುತ್ತಿ, ಕಣ್ಣಿಗೆ ಒದ್ದೆ ಗೋಣಿ ಮುಚ್ಚಿ, ಬೋನು ಸಮೇತ ಲಾರಿಗೆ ಏರಿಸಿದರು. "ದೂರ ಎಲ್ಲಾದ್ರೂ ಬಿಡ್ತೀರೇನ್ರಿ?" ಎಂದು ಬಕ್ಕೇಶ್ ಕೇಳಿದ. "ಎಲ್ಲಿ ಬಿಟ್ರೂ ಮನುಷ್ಯರನ್ನ ಕಂಡಕೂಡ್ಲೆ ದಂಡಿಗೆ ಬರ್ತೈತ್ರಿ ಈಗ ಇದು" ಎಂದ ರವಿಚಂದ್ರ. "ಸಾಯೋವರೆಗೂ ಬೋನಿನಾಗೇ ಇರಬೇಕು." ಆಮೇಲೆ ಅವನ ಮುಖ ನೋಡಿ ಕೇಳಿದ, "ಇದೇ ಹೌದಲ್ರಿ? ಆ ಹೆಣ್ಮಗಳನ್ನ ಹಿಡಿದಿದ್ದು?" ಗೋಣಿಯ ಕೆಳಗೆ ಅದರ ಗಂಟಲು ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು. ಇಷ್ಟು ಹತ್ತಿರದಿಂದ, ಇಷ್ಟು ಬೆಳಕಿನಲ್ಲಿ ಅವನು ಅದನ್ನು ಎಂದೂ ನೋಡಿರಲಿಲ್ಲ. ಅದರ ಬೆನ್ನಿನ ಮೇಲೆ ಯಾವ ಗುರುತಿದೆ, ಹಲ್ಲು ಎಲ್ಲಿ ಮುರಿದಿದೆ, ಅವನಿಗೆ ಏನೂ ತಿಳಿದಿರಲಿಲ್ಲ. ಬಡಿದಾಗ ಬಂದದ್ದನ್ನೆಲ್ಲ ಅವನು ಸಾವ್ಕಾರ ಎಂದು ಕರೆದಿದ್ದ. "ಇದೇ" ಎಂದ. ಲಾರಿ ಹೋಯಿತು.

ಸಂಜೆಯಾಗುತ್ತಾ ಬಂದರೂ ಜನ ಚದುರಲಿಲ್ಲ. ಉಕ್ಕಡಗಾತ್ರಿಯಿಂದ ಹಿಂದಿರುಗುತ್ತಿದ್ದ ಭಕ್ತರ ಟೆಂಪೋಗಳೂ ನಿಂತಿದ್ದವು. ಮೊಸಳೆ ಹೋಯಿತೆಂದು ತಿಳಿದ ಮೇಲೆ ಎಲ್ಲರಿಗೂ ಹೊಳೆಯ ಮೇಲೆ ಅಕ್ಕರೆ ಬಂದಂತಿತ್ತು. ಹೆಂಗಸರು ಕೊನೆಯ ಮೆಟ್ಟಿಲಲ್ಲಿ ಕಾಲು ಇಳಿಬಿಟ್ಟು ಕೂತರು, ಗಂಡಸರು ಪಂಚೆ ಎತ್ತಿಕಟ್ಟಿ ಮುಖ ತೊಳೆದರು, ಒಬ್ಬ ತಾಯಿ ಮಗುವಿನ ಅಂಗಿ ಬಿಚ್ಚಿ ನೀರಿನಲ್ಲಿ ನಿಲ್ಲಿಸಿ ಮೈ ತಿಕ್ಕುತ್ತಿದ್ದಳು. ಬಕ್ಕೇಶ್ ಚಪ್ಪರದ ಕಂಬಕ್ಕೆ ಒರಗಿ ಇದನ್ನು ನೋಡುತ್ತಿದ್ದ. ಇನ್ನು ಮುಗಿಯಿತು ಎಂದು ಅಂದುಕೊಳ್ಳುತ್ತಿದ್ದ. ಆದರೂ ನೀರಿನಿಂದ ಕಣ್ಣು ತೆಗೆಯಲಿಲ್ಲ. ಹೊಳೆಯ ನಡುವೆ, ಇಳಿಬಿಸಿಲು ಬಿದ್ದ ಕಡೆ, ಎರಡು ಉಬ್ಬು ಕಂಡವು. ಕಸ ಇರಬೇಕು. ಕಸವಾದರೆ ಹರಿವಿನ ಜೊತೆ ಹೋಗಬೇಕು. ಅವು ಹರಿವಿಗೆ ಅಡ್ಡವಾಗಿ ಬರುತ್ತಿದ್ದವು. ಅವುಗಳ ಹಿಂದೆ ಇನ್ನೆರಡು. ಎದುರು ದಡದ ಆಪಿನ ಹುಲ್ಲಿನ ಮರೆಯಿಂದ ಇನ್ನೊಂದು ಜೊತೆ ಸದ್ದಿಲ್ಲದೆ ನೀರಿಗೆ ಇಳಿಯಿತು. ಹಸಿದು ಕಾದವರು ಊಟದ ಪಂಕ್ತಿಗೆ ಕರೆದಾಗ ಏಳುವ ಹಾಗೆ.

ಅವನು ಓಡಿದ. "ಮ್ಯಾಲೆ ಬರ್ರಿ! ನೀರಿನಿಂದ ಮ್ಯಾಲೆ ಬರ್ರಿ ಎಲ್ರೂ!" ಜನ ಅವನ ಕಡೆ ತಿರುಗಿದರು. ವಿಡಿಯೋದಲ್ಲಿ ಕಂಡ ಮನುಷ್ಯ. "ಶೋ ಶುರುವಾತು ಬರ್ರಲೇ" ಎಂದು ಯಾರೋ ಕೂಗಿದರು, ಮೇಲಿದ್ದವರು ಕೆಳಗಿಳಿಯತೊಡಗಿದರು. ಅವನು ಅವರನ್ನು ದಬ್ಬಿದ, ತಳ್ಳಿದ, ಮಗುವನ್ನು ತೋಳಿನಿಂದ ಹಿಡಿದು ತಾಯಿಯ ಮಡಿಲಿಗೆ ಒಗೆದಂತೆ ಹಾಕಿದ. "ಅಯ್ಯೋ, ಹುಚ್ಚು ಹಿಡದೈತೇನು ಈ ಮನುಷ್ಯಾಗ?" ಎಂದಳು ಅವಳು. "ಇನ್ನೂ ಅದಾವ್ರಿ! ನಾನೇ ಹಾಕ್ತಿದ್ದೆ, ನಾನೇ ಕಲಿಸೀನಿ, ಮ್ಯಾಲೆ ಹೋಗ್ರಿ!" ಅವನ ದನಿ ಒಡೆಯಿತು. ಚಪ್ಪರದ ಕಡೆಯಿಂದ ಪೂಜಾ ಬಂದು ಹೆಂಗಸರ ರಟ್ಟೆ ಹಿಡಿದು ಒಬ್ಬೊಬ್ಬರನ್ನೇ ಮೇಲಕ್ಕೆ ಎಳೆಯತೊಡಗಿದಳು. ಆಗ ಯಾರೋ ನೀರು ನೋಡಿದರು. ಆಮೇಲೆ ನೂಕುನುಗ್ಗಲು, ಚಪ್ಪಲಿಗಳು, ನೀರಿನ ಬಾಟಲಿಗಳು ಮೆಟ್ಟಿಲ ಮೇಲೆ ಉಳಿದವು. ಬಕ್ಕೇಶ್ ಕೊನೆಯವನಾಗಿ, ನೀರಿಗೆ ಬೆನ್ನು ಮಾಡದೆ, ಹಿಂದುಹಿಂದಕ್ಕೆ ಹತ್ತಿದ. ಅವನು ಯಾವ ಸದ್ದನ್ನೂ ಮಾಡಿರಲಿಲ್ಲ. ಕೈಯಲ್ಲಿ ಏನೂ ಇರಲಿಲ್ಲ. ಆದರೂ ಅವು ಬೇರೆಲ್ಲಿಗೂ ಹೋಗದೆ ಅವನಿದ್ದ ಕಡೆಗೇ ಬಂದವು. ಎಲ್ಲಕ್ಕಿಂತ ಮುಂದಿದ್ದದ್ದು ಕೊನೆಯ ಮೆಟ್ಟಿಲ ಮೇಲೆ, ಅವನು ಈಗಷ್ಟೇ ನಿಂತಿದ್ದ ಒದ್ದೆ ಜಾಗದಲ್ಲಿ, ಗದ್ದವನ್ನು ಊರಿತು. ಬಾಯಿ ಅರ್ಧ ತೆರೆಯಿತು. ಹಾಗೇ ಕಾಯುತ್ತಾ ಕೂತಿತು.

ಮೇಲೆ ನೆರೆದ ಜನ ಒಬ್ಬರಿಗೊಬ್ಬರು ಅಂಟಿ ನಿಂತು ಕೆಳಗೆ ನೋಡುತ್ತಿದ್ದರು. ಅವರಲ್ಲಿ ಒಬ್ಬ ವಯಸ್ಸಾದ ಹೆಂಗಸು, ಹಣೆತುಂಬ ಅಜ್ಜಯ್ಯನ ವಿಭೂತಿ ಹಚ್ಚಿಕೊಂಡವಳು, ಅವನ ಪಕ್ಕಕ್ಕೆ ಬಂದಳು. "ಪಾಪ, ಹಸದೈತೆ ಕಾಣ್ತೈತೆ. ಬಾಯಿ ತಕ್ಕೊಂಡು ಹೆಂಗ ನೋಡ್ತೈತೆ ನೋಡ್ರಿ" ಎಂದಳು. ಚೀಲದೊಳಗೆ ಕೈಹಾಕಿ ಪ್ರಸಾದದ ಗಂಟಿನಿಂದ ಹೋಳಿಗೆಯೊಂದನ್ನು ತೆಗೆದು, ಎಸೆಯಲು ಕೈ ಎತ್ತಿದಳು. ಬಕ್ಕೇಶ್ ಅವಳ ಮಣಿಕಟ್ಟು ಹಿಡಿದುಕೊಂಡ. ತೆಳುವಾದ, ಬಳೆಗಳು ಜಾರುವ ಮಣಿಕಟ್ಟು. ನಾಡಿ ಹೊಡೆದುಕೊಳ್ಳುವುದು ಅವನ ಬೆರಳಿಗೆ ತಿಳಿಯುತ್ತಿತ್ತು. "ಬ್ಯಾಡಮ್ಮಾ" ಎಂದ. ಹಸಿದ ಜೀವದ ತುತ್ತು ತಪ್ಪಿಸುವವನನ್ನು ನೋಡುವ ಹಾಗೆ ಅವಳು ಅವನನ್ನು ನೋಡಿದಳು. ಸುತ್ತ ನಿಂತವರೂ ಹಾಗೆಯೇ ನೋಡಿದರು. ಅವಳು ಕೈ ಕೊಸರಿಕೊಂಡಳು. ಅವನು ಬಿಡಲಿಲ್ಲ.